ಗಂಜಿ ನೂಲು

ಆಗ ನನಗೆ ಐವತ್ತೆರಡೋ ಐವತ್ಮೂರೋ. ನಮ್ಮ ಅವ್ವ ಬರೆದಿಟ್ಟವಳಲ್ಲ, ಒಂದೆರಡು ಆಚೀಚೆ ಆದರೆ ಯಾರೂ ಜಗಳಕ್ಕೆ ಬರಬೇಡಿ. ಅದಾಗಿ ಹನ್ನೊಂದು ಮಳೆಗಾಲ ಹೋದವು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ನೆನೆಯದೆ ಕೆಲಸ ಮಾಡಿಕೊಂಡಿದ್ದೆ, ಅಷ್ಟೆ.

ಮೊನ್ನೆ ಬನಹಟ್ಟಿಗೆ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದೆ. ಡಾಕ್ಟರು ಹಲ್ಲು ಕಿತ್ತು, ತೂತಿಗೆ ಅರಳೆ ತುರುಕಿ, "ಗಟ್ಟಿ ಕಚ್ಚಿ ಹಿಡೀರಿ ಅಜ್ಜಿ, ಮಾತಾಡಬ್ಯಾಡ್ರಿ" ಎಂದರು. ಬಾಯಿ ಮುಚ್ಚಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಒಂದು ಓಣಿಯಲ್ಲಿ ಹಾಸು ಚಾಚಿದ್ದರು. ಸೀರೆಯ ಉದ್ದಕ್ಕೆ ಹೋಗುವ ನೂಲಿಗೆ ಹಾಸು ಎನ್ನುತ್ತಾರೆ. ಮಗ್ಗದ ಜಗ್ಗಾಟಕ್ಕೆ ಹರಿಯದಿರಲಿ ಎಂದು ಅದಕ್ಕೆ ಗಂಜಿ ಹಚ್ಚುತ್ತಾರೆ. ಆ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿಯಿತು. ಬಾಯಲ್ಲಿ ಅರಳೆ, ಮೂಗಲ್ಲಿ ಗಂಜಿ. ಅಲ್ಲೇ ಒಂದು ಕಟ್ಟೆಯ ಮೇಲೆ ಕೂತುಬಿಟ್ಟೆ. ತಲೆ ಸುತ್ತಿತೇನೋ ಎಂದು ಯಾರೋ ಹೆಣ್ಣುಮಗಳು ನೀರು ತಂದಳು. ತಲೆ ಸುತ್ತಿರಲಿಲ್ಲ. ಶಾಂತವ್ವ ನೆನಪಾಗಿದ್ದಳು.

ನಮ್ಮದು ಜಮಖಂಡಿ ಸೀಮೆಯ ಕೃಷ್ಣಾ ದಂಡೆಯ ಊರು. ನಾವು ಅಂಬಿಗರು. ಈಗ ಹೊಳೆಗೆ ಎತ್ತರದ ಸೇತುವೆ ಆಗಿದೆ, ನಮ್ಮ ನಾವೆ ದಂಡೆಯ ಜಾಲಿಗಿಡದ ಕೆಳಗೆ ಬೋರಲು ಬಿದ್ದಿದೆ, ಅದರ ನೆರಳಲ್ಲಿ ನಾಯಿ ಮರಿ ಹಾಕುತ್ತವೆ. ಆಗ ಇದ್ದದ್ದು ತಗ್ಗಿನ ಸೇತುವೆ. ಮಹಾರಾಷ್ಟ್ರದ ಕಡೆ ಮಳೆ ಜೋರಾಗಿ ಮೇಲಿನಿಂದ ನೀರು ಬಿಟ್ಟರೆ ಸೇತುವೆ ಮುಳುಗುತ್ತಿತ್ತು. ಅದು ಮುಳುಗಿದರೆ ಆಚೆ ದಂಡೆಗೆ ಹೋಗಲು ನಮ್ಮ ನಾವೆ ಬಿಟ್ಟು ಬೇರೆ ದಾರಿ ಇಲ್ಲ. ಹೊಳೆ ದಂಡೆ ಮೀರುವ ತನಕ ನಾವು ದಾಟಿಸುತ್ತಿದ್ದೆವು. ಸಾಲಿ ಮಾಸ್ತರರು, ಹಾಲಿನ ಕ್ಯಾನು, ಮೋಟರ್ ಸೈಕಲ್ಲು, ಮದುಮಕ್ಕಳು, ಒಮ್ಮೆ ಒಂದು ಎಮ್ಮೆ, ಎಲ್ಲ ಅದರಲ್ಲೇ.

ಕಬ್ಬಿಣದ ನಾವೆ. ಹೊಲದಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನನ್ನೇ ಅದರೊಳಗೆ ಕೂರಿಸಿದ್ದೆವು. ಎಂಜಿನ್ನಿನಿಂದ ಒಂದು ಉದ್ದನೆಯ ದಂಡ ಹಿಂಬದಿಯ ತೂತಿನಿಂದ ಹೊರಬಿದ್ದು ನೀರೊಳಗಿನ ಪಂಖ ತಿರುಗಿಸುತ್ತದೆ. ದಂಡ ತಿರುಗಬೇಕು, ನೀರು ಒಳಗೆ ಬರಬಾರದು. ಅದಕ್ಕೆ ಆ ತೂತಿನ ಬಳಿ ದಂಡದ ಸುತ್ತ ಒಂದು ಕಬ್ಬಿಣದ ಬಟ್ಟಲು ಇರುತ್ತದೆ. ಹತ್ತಿ ನೂಲಿನ ಹಗ್ಗ ಹೊಸೆದು, ಔಡಲೆಣ್ಣೆ ಮತ್ತು ಗ್ರೀಸು ಕುಡಿಸಿ, ಬಳೆಗಳ ಹಾಗೆ ತುಂಡು ಮಾಡಿ ಆ ಬಟ್ಟಲಿಗೆ ಒಂದೊಂದಾಗಿ ಇಳಿಸಬೇಕು. ಒಂದು ಬಳೆಯ ಬಾಯಿ ಇನ್ನೊಂದರ ಬಾಯಿಯ ಮೇಲೆ ಬರಬಾರದು. ಮೇಲೆ ಮುಚ್ಚಳ, ಅದಕ್ಕೆ ನಟ್ಟು. ಪೂರಾ ಬಿಗಿಯಲೂ ಬಾರದು; ನಾವೆ ಓಡುವಾಗ ಅಲ್ಲಿಂದ ಒಂದೊಂದೇ ಹನಿ ಬೀಳುತ್ತಿರಬೇಕು. ಹನಿ ನಿಂತರೆ ದಂಡ ಕಾದು ನೂಲು ಸುಡುತ್ತದೆ. ಹನಿ ಧಾರೆಯಾದರೆ ನಾವೆ ತುಂಬುತ್ತದೆ.

ಈ ಕೆಲಸ ನನ್ನ ಗಂಡ ಮಲ್ಲಪ್ಪ ಸಕ್ಕರೆ ಕಾರ್ಖಾನೆಯ ಪಂಪುಗಳಲ್ಲಿ ಕಲಿತು ಬಂದವನು. ಆದರೆ ಅವನ ಬೆರಳು ಬಾಳೆಕಾಯಿಯ ಹಾಗೆ ದಪ್ಪ, ಬಟ್ಟಲೊಳಗೆ ಹೋಗುತ್ತಿರಲಿಲ್ಲ. ನನ್ನವು ಹೋಗುತ್ತಿದ್ದವು. ಹಾಗಾಗಿ ಅವನು ಬೈಯುವುದು, ನಾನು ತುಂಬುವುದು.

ಶಾಂತವ್ವ ನಮ್ಮೂರ ಸೊಸೆ. ನನಗಿಂತ ಹತ್ತು ವರ್ಷಕ್ಕೆ ಸಣ್ಣವಳು. ಮನೆಯಲ್ಲಿ ಎರಡು ಮಗ್ಗ, ಗಂಡ ಹೆಂಡತಿ ಇಬ್ಬರೂ ನೇಯುವವರು. ತವರು ಹೊಳೆಯಾಚೆ. ಆ ಮಳೆಗಾಲ ಆಕೆಯ ತಾಯಿ ಹಾಸಿಗೆ ಹಿಡಿದಿದ್ದಳು. ತಾಯಿಗೆ ಮಗಳು ಉಣಿಸಿದರಷ್ಟೆ ತುತ್ತು ಗಂಟಲಿಗೆ ಇಳಿಯುತ್ತಿತ್ತಂತೆ. ಹಾಗಾಗಿ ಶಾಂತವ್ವ ದಿನಾ ಬೆಳಗ್ಗೆ ಒಂದು ಡಬ್ಬಿಯಲ್ಲಿ ಹಾಲನ್ನ ಕಲಸಿಕೊಂಡು ನಾವೆ ಹತ್ತುವಳು, ಮಧ್ಯಾಹ್ನ ಮರಳುವಳು. ಎಂಜಿನ್ನಿನ ಸದ್ದಿನಲ್ಲಿ ಕೂಗಿ ಕೂಗಿಯೇ ನಮ್ಮಿಬ್ಬರ ಗೆಳೆತನ ಬೆಳೆದದ್ದು.

"ದುರ್ಗಕ್ಕಾ, ನಿನ್ನ ನಾವಿಯಾಗ ಕುಂತ್ರ ಕಿವಿ ಹೋಗ್ತಾವು ನೋಡ!"

"ಹೋಗ್ಲಿ ಬಿಡ ಬೇ, ಗಂಡ ಬೈದದ್ದಾದ್ರೂ ಕೇಳಂಗಿಲ್ಲ."

ಇಂಥ ಮಾತು ನಮ್ಮವು.

ಶ್ರಾವಣದ ಮೊದಲಲ್ಲಿ ಬಟ್ಟಲಿನ ಹಗ್ಗ ಸವೆಯಿತು. ಹನಿ ಧಾರೆಯಾಯಿತು. ಹೊಸ ನೂಲು ತರಲು ಬನಹಟ್ಟಿಗೆ ಹೋಗಬೇಕು. ಅಂದರೆ ಒಂದು ದಿನ ನಾವೆ ನಿಲ್ಲಬೇಕು. ಹಾಗೆಂದು ಗೊಣಗಿದೆ. ನಾವೆಯಲ್ಲಿ ಕೂತಿದ್ದ ಶಾಂತವ್ವ, "ಅಯ್ಯ, ನೂಲಿಗೆ ಬನಹಟ್ಟಿಗ್ಯಾಕ ಹೋಗ್ತಿ, ನಮ್ಮನ್ಯಾಗ ಹಾಸಿನ ತುಂಡು ರಾಶಿ ಬಿದ್ದೈತಿ. ಒಲಿಗೆ ಹಾಕೂದು, ನಿನ್ನ ನಾವಿಗೆ ಬಂದ್ರ ಪುಣ್ಯ ಬರ್ತೈತಿ" ಎಂದಳು. ಮರಳಿದ ಮೇಲೆ ಮಡಿಲ ತುಂಬ ತಂದು ಸುರಿದಳು.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಹೊಳೆಯ ಮಂದಿಯಲ್ಲಿ ಹುಟ್ಟಿದವಳಾದರೂ ತವರು ರಬಕವಿ, ಓಣಿ ಓಣಿಗೂ ಮಗ್ಗ ಇರುವ ಊರು. ಮದುವೆಗೆ ಮೊದಲು ಮಗ್ಗದವರ ಮನೆಯಲ್ಲಿ ಕಂಡಕಿ ಸುತ್ತಿದ್ದೇನೆ, ಲಾಳಿಯಲ್ಲಿ ಕೂರುವ ಅಡ್ಡನೂಲಿನ ಉಂಡೆ. ಅಡ್ಡನೂಲಿಗೆ ಗಂಜಿ ಇಲ್ಲ, ಮೆತ್ತಗಿರುತ್ತದೆ. ಹಾಸಿನದ್ದು ಬಿರುಸು. ಕಣ್ಣು ಮುಚ್ಚಿ ಮುಟ್ಟಿದರೂ ನನ್ನ ಬೆರಳಿಗೆ ತಿಳಿಯುತ್ತದೆ. ಗಂಜಿ ನೀರಿನಲ್ಲಿ ಬಿಡುತ್ತದೆ ಎನ್ನುವುದು ಅಲ್ಲಿಯ ಕೂಸಿಗೂ ಗೊತ್ತು. ಶಾಂತವ್ವಗೆ ಮಾತ್ರ ನಾನು ಕಂಡಕಿ ಸುತ್ತಿದವಳೆಂದು ಗೊತ್ತಿರಲಿಲ್ಲ. ಮಂದಿಯ ಮನೆಯಲ್ಲಿ ದುಡಿದದ್ದನ್ನು ನಾನು ಹೇಳಿಕೊಂಡು ತಿರುಗುವವಳಲ್ಲ.

ಆ ನೂಲು ಕೈಗೆ ಬಂದಾಗ ಬಿರುಸು ತಿಳಿಯಿತು. ಕುದಿಸಿ, ಗಂಜಿ ತೆಗೆದು, ಒಣಗಿಸಿ ಹೊಸೆಯಬೇಕು ಎಂದೂ ಹೊಳೆಯಿತು. ಹೊರಗೆ ಜಿಟಿಜಿಟಿ ಮಳೆ. ಒಣಗಲು ಎರಡು ದಿನ ಬೇಕು. ದಂಡೆಯಲ್ಲಿ ಹಾಲಿನವರು ನಿಂತು ಬಾಯಿ ಮಾಡುತ್ತಿದ್ದರು. ಬಿರುಸಿದ್ದರೆ ಗಟ್ಟಿಯೂ ಇದ್ದೀತು, ಎಣ್ಣೆ ಹಚ್ಚಿದ ಮೇಲೆ ನೀರು ಎಲ್ಲಿ ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಗಂಜಿ ಹಿಡಿದ ನೂಲು ಎಣ್ಣೆ ಕುಡಿಯಲಿಲ್ಲ. ಎಣ್ಣೆ ಮೇಲೆಯೇ ಮಿಂಚುತ್ತ ಕೂತಿತು. ಅದನ್ನೂ ನೋಡಿದೆ. ನೋಡಿ ಹೊಸೆದೆ. ಮಲ್ಲಪ್ಪ ಡೀಸೆಲ್ ತರಲು ಹೋಗಿದ್ದ, ಬರುವುದರೊಳಗೆ ತುಂಬಿ ಮುಚ್ಚಳ ಬಿಗಿದೆ.

ಮೊದಲ ದಿನ ಹನಿ ಹನಿಯಾಗಿಯೇ ಬಿತ್ತು. ಮಲ್ಲಪ್ಪನೇ, "ಇಕಿ ಕೈ ಕೈಯಪ್ಪಾ" ಎಂದು ಹಾಲಿನವರ ಮುಂದೆ ಹೊಗಳಿದ. ಮರುದಿನ ಶಾಂತವ್ವ ಆಚೆ ಹೋಗಿ ಬಂದಳು. ಅವತ್ತೂ ಸರಿ ಇತ್ತು. ಮೂರನೆಯ ದಿನ ನಸುಕಿನ ಮೊದಲ ದಾಟಿನಲ್ಲಿ ಹಾಲಿನ ಕ್ಯಾನು ತೇಲತೊಡಗಿದವು. ಹೊಳೆ ಅವತ್ತು ಕೆಂಪಗೆ, ಕಬ್ಬಿನ ಗಳ, ಬೇರುಸಹಿತ ಗಿಡ ಎಲ್ಲ ಹೊತ್ತುಕೊಂಡು ಬರುತ್ತಿತ್ತು. ಇದ್ದವರೆಲ್ಲ ಡಬ್ಬಿಯಲ್ಲಿ ಕೊಡದಲ್ಲಿ ನೀರು ಮೊಗೆದು ಚೆಲ್ಲುತ್ತ, ಹೇಗೋ ಹಿಂದಿರುಗಿ ದಂಡೆ ಮುಟ್ಟಿದೆವು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ನಾವೆಯನ್ನು ಮೇಲೆಳೆದರು. ಮುಚ್ಚಳ ಬಿಚ್ಚಿದರೆ ಒಳಗೆ ಹಗ್ಗವಿಲ್ಲ. ಬೆಳ್ಳಗೆ ಲೋಳೆ.

ನಾನು ಕೆದಕಿ ನೆಲಕ್ಕೆ ಹಾಕಿದ್ದನ್ನು ಮಲ್ಲಪ್ಪ ಬೆರಳಲ್ಲಿ ತೆಗೆದು ನೋಡಿದ. ಮೂಸಿದ. "ಇದು ಹಗ್ಗ ಅಲ್ಲಲೇ, ಅಂಬಲಿ! ನಾವಿಗೆ ಅಂಬಲಿ ಕುಡಿಸೀಯಲ್ಲ!"

"ಹೊಳ್ಳಿ ತುಂಬತೀನಿ. ಬಾಯಿ ಮುಚ್ಚ."

"ರಬಕವಿ ಹೆಣ್ಣಲಾ ನೀ? ಗಂಜಿ ನೂಲು ತಿಳಿಲಿಲ್ಲಾ?"

"ಮುಚ್ಚ ಅಂದ್ನಿಲ್ಲಾ."

ಅಷ್ಟರಲ್ಲಿ ಶಾಂತವ್ವ ಓಡಿ ಬಂದಳು. ತಲೆಯ ಮೇಲೆ ಸೆರಗಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಆಚೆಯಿಂದ ಅಣ್ಣನ ಫೋನು ಬಂದಿತ್ತು: ತಾಯಿಗೆ ಉಸಿರು ಏರಿದೆ, ನಿನ್ನ ಹೆಸರೇ ಹೇಳುತ್ತಿದ್ದಾಳೆ, ಬೇಗ ಬಾ. ಆಕೆ ಬರುವುದು ಕಂಡು ನಾನು ಆ ಲೋಳೆಯ ಮುದ್ದೆಯನ್ನು ಕಾಲಲ್ಲಿ ಸರಿಸಿ ಪಾದದಡಿ ಒತ್ತಿಕೊಂಡು ನಿಂತೆ. ಯಾಕೆ ಹಾಗೆ ಮಾಡಿದೆನೋ. ಯೋಚಿಸಿ ಮಾಡಿದ್ದಲ್ಲ. ಕಾಲು ತಾನೇ ಹೋಯಿತು.

"ಮಲ್ಲಣ್ಣ, ನಾವಿ ಇಳಸ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಸೋರಾಕತ್ತೈತಿ ತಂಗಿ."

"ನಾ ಮೊಗೀತೀನ್ರಿ. ಡಬ್ಬಿ ಕೊಡ್ರಿ, ಇಡೀ ದಾಟು ನಾ ಒಬ್ಬಾಕಿನ ಮೊಗೀತೀನಿ. ಒಂದು ದಾಟು. ಬರೇ ಒಂದು."

ಮಲ್ಲಪ್ಪ ಹೊಳೆ ನೋಡಿದ, ಆಕೆಯನ್ನು ನೋಡಿದ. ಅವನದು ಮೆತ್ತನೆ ಕರುಳು. "ಹಳೇ ಗೋಣಿ ತುರುಕಿ ಬಿಗಿದ್ರ ಒಂದು ದಾಟು ಆಗಬಹುದು ಅನಸ್ತೈತಿ" ಎಂದ. ಟ್ರ್ಯಾಕ್ಟರಿನವನು, "ಹೋಗೂಣು ನಡೀರಿ, ನಾನೂ ಬರ್ತೀನಿ ಮೊಗ್ಯಾಕ" ಎಂದ.

ಎಂಜಿನ್ ಸುತ್ತುವ ಕಬ್ಬಿಣದ ಹ್ಯಾಂಡಲ್ ನೆಲದ ಮೇಲಿತ್ತು. ಅದನ್ನು ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದೆ. "ಇದು ಇಲ್ಲದ ನಾವಿ ಹೊಂಡಂಗಿಲ್ಲ. ನಾ ಕೊಡಂಗಿಲ್ಲ."

"ದುರ್ಗಕ್ಕಾ!" ಎಂದಳು ಶಾಂತವ್ವ.

"ಗೋಣಿ ನಡುಹೊಳ್ಯಾಗ ಉಚ್ಚಿ ಬಿದ್ರ? ನನ್ನ ಗಂಡಗ ಮೊಣಕಾಲ ಮಡಚಂಗಿಲ್ಲ, ಈಗ ಈಜಾಕ ಆಗಂಗಿಲ್ಲ. ನಿನ್ನ ಮಕ್ಕಳಿಗೆ ನಾ ಏನ ಹೇಳ್ಲಿ? ಸುಮ್ನ ನಿಂದರಬ್ಯಾಡ. ಮನಿಗೆ ಹೋಗಿ ಕಂಡಕಿ ತುಂಬಿದ ಬುಟ್ಟಿ ತಗೊಂಬಾ. ಇಬ್ಬರೂ ಹೊಸದ್ರ ಮಧ್ಯಾಹ್ನದೊಳಗ ಹೊಂಡ್ತೈತಿ."

ಆಕೆ ನನ್ನನ್ನೊಮ್ಮೆ ನೋಡಿ ಓಡಿದಳು. ಮುದ್ದೆಯ ಮೇಲಿಂದ ಕಾಲು ತೆಗೆದು ಅದನ್ನು ಹೊಳೆಗೆ ಒದ್ದೆ.

ದಂಡೆಯ ಜಾಲಿಗಿಡಕ್ಕೆ ತಾಡಪತ್ರಿ ಕಟ್ಟಿ ಅದರಡಿ ಕೂತೆವು. ಮಗ್ಗದಿಂದ ಎತ್ತಿಕೊಂಡು ಬಂದಿದ್ದಳು, ಹಸಿರು ಬಣ್ಣದ ನೂಲು, ಯಾರದೋ ಸೀರೆಗೆ ಇಟ್ಟದ್ದು. ಆಕೆ ಒಂದು ತುದಿ ಹಲ್ಲಲ್ಲಿ ಕಚ್ಚಿ ಹಿಡಿದಳು, ನಾನು ತೊಡೆಯ ಮೇಲೆ ಹೊಸೆದೆ. ಎಳೆ ಸೇರಿಸಿ, ಮತ್ತೆ ಹೊಸೆದು, ಎಣ್ಣೆಯಲ್ಲಿ ಅದ್ದಿ ಹಿಂಡಿ, ಗ್ರೀಸು ಸವರಿ. ಮೆತ್ತನೆಯ ನೂಲು ಎಣ್ಣೆಯನ್ನು ದನ ನೀರು ಕುಡಿದ ಹಾಗೆ ಕುಡಿಯಿತು. ಆಕೆಯ ಕಣ್ಣೀರು ಗದ್ದದಿಂದ ಇಳಿದು ನೂಲಿಗೆ ಬೀಳುತ್ತಿತ್ತು. ಕೈ ಮಾತ್ರ ಎಳೆ ಸೇರಿಸುತ್ತಲೇ ಇತ್ತು. ನೇಯುವವರ ಕೈ.

ಒಮ್ಮೆ ತುದಿಯನ್ನು ಬಾಯಿಂದ ತೆಗೆದು, "ಮೊದಲಿಂದಕ್ಕ ಏನಾತು ಅಕ್ಕಾ? ಮೊನ್ನೆ ತುಂಬಿದ್ದಿಯಲ್ಲಾ" ಎಂದಳು.

"ಏನೋ ಆತು. ಕಚ್ಚಿ ಹಿಡಿ, ಸಡ್ಲ ಬಿಡಬ್ಯಾಡ" ಎಂದೆ.

ಮತ್ತೆ ಕಚ್ಚಿ ಹಿಡಿದಳು.

ಅವಸರ ಮಾಡಿದರೆ ಮತ್ತೆ ಅದೇ ಗತಿ. ಬಳೆ ಒಂದೊಂದಾಗಿ ಇಳಿಸಿದೆ, ಕಟ್ಟಿಗೆಯ ಚೂರಿನಿಂದ ಕೂರಿಸಿದೆ, ಬಾಯಿಗೆ ಬಾಯಿ ಬಾರದ ಹಾಗೆ. ಹಿಂದೆ ನಿಂತ ಶಾಂತವ್ವ ಒಂದೊಂದಕ್ಕೂ, "ಆತೇನ? ಆತೇನ ಅಕ್ಕಾ?" ಎನ್ನುತ್ತಿದ್ದಳು. ನಾವೆ ನೀರಿಗಿಳಿದಾಗ ಮಧ್ಯಾಹ್ನ ಕಳೆದು ಹೊತ್ತು ಇಳಿಯುತ್ತಿತ್ತು. ಹ್ಯಾಂಡಲ್ ನಾನೇ ತಿರುವಿದೆ.

ಆ ದಾಟಿನಲ್ಲಿ ನಾವೆ ಒಣಗಿದ ಕೊಡದ ಹಾಗಿತ್ತು. ಶಾಂತವ್ವ ಹಿಂಬದಿಯಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮೊಗೆಯಲು ಸಿದ್ಧಳಾಗಿ ಕೂತಿದ್ದಳು. ಮೊಗೆಯಲು ಏನೂ ಇರಲಿಲ್ಲ. ಒಂದು ಹನಿ, ಸ್ವಲ್ಪ ತಡೆದು ಇನ್ನೊಂದು. ಆಕೆ ಅದನ್ನೇ ನೋಡುತ್ತಿದ್ದಳು.

ಆಚೆ ದಂಡೆಯಲ್ಲಿ ಆಕೆಯ ಅಣ್ಣ ತಲೆಗೆ ವಸ್ತ್ರ ಹಾಕಿಕೊಂಡು ನಿಂತಿದ್ದ. ದೂರದಿಂದಲೇ ತಿಳಿಯಿತು. ಮಲ್ಲಪ್ಪ ಎಂಜಿನ್ ಆರಿಸಿದ.

"ಬಂದ್ಯಾ" ಎಂದ ಅಣ್ಣ. "ಹೊಳಿ ಕಡೆ ಮಾರಿ ಮಾಡಸಂದ್ಳು, ಮಾಡಿಸಿದ್ವಿ. ನಾವಿ ಸಪ್ಪಳ ಬಂತೇನ, ಬಂತೇನ ಅಂತ ಕೇಳಾಕತ್ತಿದ್ಳು. ಈಗೀಗ ಹೋದ್ಳವಾ."

ಈಗೀಗ. ಅವನು ಬೇರೆ ಮಾತು ಹೇಳಬಹುದಾಗಿತ್ತು.

ಮರಳುವಾಗ ಮಲ್ಲಪ್ಪ ನಡುಹೊಳೆಯ ತನಕ ಮುಂದೆ ನಿಂತು ನೀರು ನೋಡುತ್ತಿದ್ದ. ಆಮೇಲೆ, "ಗೋಣಿ ತುರುಕಿ ಬಂದಿದ್ರ ಆಗ್ತಿತ್ತೇನೋ" ಎಂದ. ನನ್ನನ್ನು ಚುಚ್ಚಲು ಅಲ್ಲ, ತನಗೆ ತಾನೇ ಹೇಳಿಕೊಂಡದ್ದು. ಆಗುತ್ತಿತ್ತೋ ಮುಳುಗುತ್ತಿದ್ದೆವೋ ಯಾರು ಹೇಳಬೇಕು. ಹ್ಯಾಂಡಲ್ ಕೊಡದೆ ಇದ್ದದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಇನ್ನೊಮ್ಮೆ ಬಂದರೂ ಕೊಡುವುದಿಲ್ಲ. ಆದರೆ ಮೊದಲು ಬನಹಟ್ಟಿಗೆ ಹೋಗಿದ್ದರೆ, ಇಲ್ಲವೆ ಆ ನೂಲನ್ನೇ ಒಂದು ಪಾತ್ರೆ ನೀರಲ್ಲಿ ಕುದಿಸಿದ್ದರೆ, ಅವತ್ತು ಹ್ಯಾಂಡಲಿನ ಮಾತೇ ಬರುತ್ತಿರಲಿಲ್ಲ. ಫೋನು ಬಂದ ಕೂಡಲೇ ಶಾಂತವ್ವ ಹತ್ತುತ್ತಿದ್ದಳು, ನಾನು ಇಳಿಸುತ್ತಿದ್ದೆ, ಆ ಮುದುಕಿ ಸಪ್ಪಳ ಕೇಳುತ್ತಿದ್ದಳು.

ಶಾಂತವ್ವ ತಾಯಿಯನ್ನು ಮಣ್ಣು ಮಾಡಿ, ಮೂರನೆಯ ದಿನದ ಕಾರ್ಯ ಮುಗಿಸಿ ಮರಳಿದಳು. ಅವತ್ತು ನಾವೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸದಾ ನನ್ನ ಎದುರಿಗೆ ಕೂರುವವಳು ಹೋಗಿ ಬಟ್ಟಲಿನ ಪಕ್ಕ ಕೂತಳು. ಹನಿ ಬೀಳುವಲ್ಲಿ ಬೆರಳು ಇಟ್ಟಳು.

"ದುರ್ಗಕ್ಕಾ."

"ಏನ ಬೇ."

"ನಾ ಕೊಟ್ಟಿದ್ದು ಗಂಜಿ ನೂಲು."

ನಾನು ನಾವೆಯ ದಿಕ್ಕು ತಿರುಗಿಸುವ ಹುಟ್ಟು ಹಿಡಿದಿದ್ದೆ. ಹಿಡಿದೇ ಇದ್ದೆ.

"ಹಾಸಿನ ತುಂಡು. ನೀರಾಗ ಬಿಡ್ತೈತಿ ಅನ್ನೂದು ನನಗ ಗೊತ್ತಿರಬೇಕಾಗಿತ್ತು. ನಾವು ನೂಲಿನ ಮಂದಿ. ಅಲ್ಲಿ ಅವ್ವನ ಮುಂದ ಕುಂತಾಗ ಹೊಳೀತು. ನಿಂದೇನ ತಪ್ಪು ಅಕ್ಕಾ, ನೀ ನೀರಿನ ಮಂದಿ, ನಿನಗ ಎಲ್ಲಿ ತಿಳೀಬೇಕು. ನಾನ ನಮ್ಮವ್ವನ ದಾರಿ ಕಟ್ಟಿದೆ. ನೀ ಹ್ಯಾಂಡಲ್ ಕೊಡದ ನನ್ನ ಜೀವ ಆದ್ರೂ ಉಳಿಸಿದಿ."

ಕೂಗಿ ಹೇಳಿದಳು, ಎಂಜಿನ್ನಿನ ಸದ್ದು. ಮಲ್ಲಪ್ಪ ಮುಂದೆ ನಿಂತಿದ್ದ. ಅವನಿಗೂ ಕೇಳಿತು. ತಿರುಗಿ ನನ್ನ ಮುಖ ನೋಡಿದ. ನಾನೂ ಕೂಗಿಯೇ ಹೇಳಬೇಕಿತ್ತು: ನಾ ರಬಕವಿಯಾಗ ಕಂಡಕಿ ಸುತ್ತಿದಾಕಿ, ಮುಟ್ಟಿದ ಕೂಡ್ಲೆ ತಿಳಿದಿತ್ತು ಅಂತ. ಎರಡು ಮಾತು. ಮೆಲ್ಲಗೆ ಹೇಳುವ ಮಾತಾಗಿದ್ದರೆ ಹೇಳುತ್ತಿದ್ದೆನೇನೋ. ಕೂಗಿ ಹೇಳಲು ಆಗಲಿಲ್ಲ.

"ಅಳಬ್ಯಾಡ ಸುಮ್ನಿರ" ಎಂದೆ. ದಂಡೆ ಬಂತು.

ಮನೆಯಲ್ಲಿ ಮಲ್ಲಪ್ಪ ರೊಟ್ಟಿ ಮುರಿಯುತ್ತ, "ಹೇಳ್ತೀಯೋ ಇಲ್ಲೋ?" ಎಂದ.

"ನಾಳಿಗೆ."

"ಹೇಳ. ಇಲ್ಲಂದ್ರ ಆಕಿ ಜೀವ ತಿಂತೈತಿ ಅದು."

ಅವನು ಹೋಗಿ ನಾಲ್ಕು ವರ್ಷ ಆಯಿತು. ಹೋಗುವ ತನಕ ಆ ಮಾತನ್ನು ಮತ್ತೆ ಎತ್ತಲಿಲ್ಲ. ನನ್ನ ಮೇಲಿನ ಕರುಣೆಯಿಂದ ಎತ್ತಲಿಲ್ಲವೋ, ನನ್ನಿಂದ ಆಗದು ಎಂದು ಬಿಟ್ಟನೋ. ಕೇಳುವ ಧೈರ್ಯ ನನಗೂ ಆಗಲಿಲ್ಲ. ಶಾಂತವ್ವ ಈಗಲೂ ಇದ್ದಾಳೆ, ಗಟ್ಟಿಯಾಗಿದ್ದಾಳೆ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಒಂದು ಲಡಿ ಮೆತ್ತನೆಯ ನೂಲು ತಂದುಕೊಡುತ್ತಾಳೆ. ನಾವೆ ನಿಂತ ಮೇಲೂ ತರುತ್ತಾಳೆ. ನಮ್ಮ ಜಂತಿಗೆ ತೂಗುಹಾಕಿದ ಬುಟ್ಟಿಯಲ್ಲಿ ಆ ಲಡಿಗಳು ತುಂಬಿ ಮೇಲೆ ಕಾಣುತ್ತಿವೆ. ದೀಪದ ಬತ್ತಿಗೂ ನಾನು ಅದನ್ನು ಮುಟ್ಟುವುದಿಲ್ಲ. ಬತ್ತಿಗೆ ಅಂಗಡಿಯ ಅರಳೆ ತರುತ್ತೇನೆ.

ಮೊದಲನೆಯ ಲಡಿ ಬಂದದ್ದು ಆ ಮಾತಿನ ಮರುದಿನ ಬೆಳಗ್ಗೆ. ಹೇಳಿಬಿಡಬೇಕೆಂದೇ ಎದ್ದು, ಮುಖ ತೊಳೆದು, ಅವರ ಮನೆಗೆ ಹೋದೆ. ಮಗ್ಗ ನಿಂತಿತ್ತು. ಶಾಂತವ್ವ ಒಲೆಯ ಮುಂದೆ ಕೂತು ಹಾಸಿನ ತುಂಡುಗಳನ್ನೆಲ್ಲ ಹಿಡಿ ಹಿಡಿಯಾಗಿ ಬೆಂಕಿಗೆ ಹಾಕುತ್ತಿದ್ದಳು. ಗಂಜಿ ಸುಡುವ ವಾಸನೆ ಮನೆಯ ತುಂಬ. ನನ್ನನ್ನು ನೋಡಿ ಎದ್ದಳು. ನಾನು ಬಾಯಿ ತೆಗೆಯುವುದರೊಳಗೆ ಒಳಗೆ ಹೋಗಿ ಒಂದು ಲಡಿ ತಂದು ನನ್ನ ಎರಡೂ ಕೈಯಲ್ಲಿಟ್ಟಳು.

"ಇದನ್ನ ನಾವಿಯಾಗ ಯಾವಾಗಲೂ ಇಟ್ಟಿರು. ಗಂಜಿ ಇಲ್ಲದ್ದು. ಮುಟ್ಟಿ ನೋಡ, ನಾ ತಿಳಿಸಿಕೊಡ್ತೀನಿ. ಹಿಂಗ ಮೆತ್ತಗ ಇರಬೇಕು. ತಿಳೀತಾ?"

ಮುಟ್ಟಿ ನೋಡಿದೆ.

"ತಿಳೀತು" ಎಂದೆ.

ಹೊಳೆಯ ಕಡೆಯಿಂದ ಹಾಲಿನವರು ಕೂಗುತ್ತಿದ್ದರು. ಲಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಹ್ಯಾಂಡಲ್ ತಿರುವಿ, ಅವರನ್ನು ದಾಟಿಸಿದೆ.